ಸಾಬಮ್ಮನ ಕೆಳಗಿನ ಊರು

ಸಾಬಮ್ಮನಿಗೆ ಎರಡು ಊರು ಎಂದು ಓಣಿಯವರು ಹೇಳುತ್ತಿದ್ದರು. ಒಂದು ಕಮಲಾಪುರ, ಆಕೆ ಹುಟ್ಟಿ ಬೆಳೆದದ್ದು. ಇನ್ನೊಂದು ಮನೆ ಮಾಲೀಕ ಸಲಾವುದ್ದೀನನ ಟಿವಿಯೊಳಗಿನದು. "ಕಮಲಾಪುರಕ್ಕ ವರ್ಷಕ್ಕೊಮ್ಮೆ ಹೋಗ್ತಾಳ, ಟಿವಿಯೊಳಗಿನ ಊರಿಗಿ ದಿನಾ ಹೋಗ್ತಾಳ. ಅಲ್ಲಿಗಿ ಬಸ್ಸಿನ ಗದ್ಲ ಇಲ್ಲ ನೋಡು" ಎಂದು ನಗುತ್ತಿದ್ದರು. "ರೊಟ್ಟಿ ಬೇಕಂದ್ರ ಆಕಿ ಕೈಯಿಂದೇ ತಿನಬೇಕು, ಸುದ್ದಿ ಬೇಕಂದ್ರ ಆಕಿ ಬಾಯಿಂದೇ ಕೇಳಬೇಕು. ಆದ್ರ ಸುದ್ದಿ ಯಾವ ಊರಿಂದು ಅಂತ ಮೊದಲ ಕೇಳ್ಕೊಬೇಕು" ಎಂಬ ಮಾತೂ ಇತ್ತು.

ಆ ಮಾತು ಹುಟ್ಟಿದ್ದು ಹಿಟ್ಟಿನ ಗಿರಣಿಯ ಕಾಶಿರಾಯನಿಂದ. ಒಂದು ದಿನ ಸಾಬಮ್ಮ ಜೋಳದ ಡಬ್ಬಿ ಹೊತ್ತುಕೊಂಡು ಗಿರಣಿಗೆ ಬಂದವಳು ಬಾಗಿಲಲ್ಲೇ ಕುಸಿದು ಕೂತು, "ಏನ್ ಹೇಳ್ಲಿ ಕಾಕಾ, ಕುಂಬಾರನ ಮನಿಗಿ ಕೀಲಿ ಬಿದ್ದದ. ಹೆಂಡ್ತಿ ಮಕ್ಕಳ ಸಂಗಟ ಎಲ್ಲಿ ಹೋದ್ನೋ, ಬಾವ್ಯಾಗ ಹನಿ ನೀರಿಲ್ಲ" ಅಂದಳು. ಕಾಶಿರಾಯ ಮೆದು ಕರುಳಿನವನು. ಗಿರಣಿಯ ಬೆಲ್ಟು ನಿಲ್ಲಿಸಿ, ತಲೆಗೆ ಕಟ್ಟಿದ ಟವಲು ಬಿಚ್ಚಿ ಕಣ್ಣು ಒರೆಸಿಕೊಂಡ. ಮಧ್ಯಾಹ್ನದ ಊಟವೂ ಸೇರಲಿಲ್ಲ. ಸಂಜೆಗೆ ಯಾರೋ ಆ ಕುಂಬಾರ ಸಲಾವುದ್ದೀನನ ಟಿವಿ ಆಟದ ಕ್ಯಾಸೆಟ್ಟಿನ ಒಳಗಿನವನು ಎಂದು ತಿಳಿಸಿದಾಗ ಅವನು ಸಾಬಮ್ಮನ ಮನೆಗೇ ಬಂದು ನಿಂತ.

"ಅರ್ಧಾ ದಿನ ದುಃಖ ಮಾಡೀನಿ. ಅದನ್ನ ಈಗ ಯಾರ ವಾಪಸ ಕೊಡ್ತಾರ?"

"ಇಟ್ಕೊ ಕಾಕಾ," ಅಂದಳು ಸಾಬಮ್ಮ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ನಂದೂ ಇನ್ನಾ ಮುಗದಿಲ್ಲ."

ಸಾಬಮ್ಮ ಗಂಡ ಯಂಕಪ್ಪನ ಬೆನ್ನಿಗೆ ಕಲಬುರಗಿಗೆ ಬಂದದ್ದು ಎಂಬತ್ತಾರರಲ್ಲಿ. ಯಂಕಪ್ಪ ನಂದೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಮಿಲ್ಲಿನ ಗೆಳೆಯನೊಬ್ಬ ಮೋಮಿನಪುರದ ಸಲಾವುದ್ದೀನನ ಮನೆಯ ಹಿಂಬದಿಯ ಕೋಣೆ ಕೊಡಿಸಿದ. ಮನೆಯ ಮುಂಬಾಗಿಲು ಓಣಿಗೆ, ಹಿಂಬಾಗಿಲು ಸಣ್ಣ ಅಂಗಳಕ್ಕೆ, ಅಂಗಳದಲ್ಲಿ ಒಂದು ನಳ. ಯಂಕಪ್ಪ ಕೆಲವೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಗೆ ಹೋಗಿಬಿಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಸಾಬಮ್ಮ ಹೋಗಲಿಲ್ಲ. ಎಂಟನೇ ದಿನ ಬೆಳಿಗ್ಗೆ ಹಿಂದಿನ ಕೋಣೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿತು. ಸಲಾವುದ್ದೀನನ ಹೆಂಡತಿ ಮೆಹರುನ್ನಿಸಾ ಎದ್ದು ಹೋಗಿ ನೋಡಿದರೆ, ಬುಟ್ಟಿಯ ತುಂಬ ರೊಟ್ಟಿ.

"ಇಷ್ಟು ಯಾರು ತಿಂತಾರ ಅಕ್ಕಾ?"

"ಯಾರಿಗಿ ಹಸಿವು ಅದನೋ ಅವರು."

ಅಂದಿನಿಂದ ಅದೇ ಅವಳ ಕಸುಬಾಯಿತು. ಓಣಿಯ ಖಾನಾವಳಿಗೆ, ಹಾಸ್ಟೆಲ್ಲಿನ ಹುಡುಗರಿಗೆ, ಮದುವೆ ಮನೆಗೆ ಅವಳ ರೊಟ್ಟಿ ಹೋಗತೊಡಗಿದವು. ಹುಣ್ಣಿಮೆಯ ಚಂದ್ರನಿಗೆ ಅಂಚು ಸೊಟ್ಟ ಇದ್ದೀತು, ಸಾಬಮ್ಮನ ರೊಟ್ಟಿಗೆ ಇರಲಿಕ್ಕಿಲ್ಲ ಎಂದು ಮೆಹರುನ್ನಿಸಾ ಹೇಳುವಳು.

ಸಲಾವುದ್ದೀನ್ ರೇಡಿಯೊ, ಟಿವಿ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ತೊಂಬತ್ತೈದರ ಸುಮಾರಿಗೆ ಹೈದರಾಬಾದಿಗೆ ಹೋದವನು ಒಂದು ಟಿವಿ ಗೇಮ್ ಪೆಟ್ಟಿಗೆ ತಂದ. ಅದಕ್ಕೊಂದು ಕ್ಯಾಸೆಟ್ ಸಿಕ್ಕಿಸಿದರೆ ಟಿವಿಯಲ್ಲಿ ಗೊಂಬೆ ಓಡುತ್ತದೆ, ಹಾರುತ್ತದೆ, ಹೊಡೆಯುತ್ತದೆ. ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳು ಜೇನು ಮುತ್ತಿದ ಹಾಗೆ ಮುತ್ತುತ್ತಿದ್ದರು. ರಿಪೇರಿಗೆ ಬಂದ ಟಿವಿಗಳು ಮೂಲೆಯಲ್ಲಿ ಮುಖ ತಿರುಗಿಸಿ ಕೂತವು.

ಸಾಬಮ್ಮ ದಿನಾ ಸಲಾವುದ್ದೀನನ ಮನೆಯವರ ಪಾಲಿನ ರೊಟ್ಟಿ ಕೊಡಲು ಮುಂದಿನ ಕೋಣೆಗೆ ಬರುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾವನೋ ಒಬ್ಬ ಗಿಡ್ಡ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾನೆ, ಎದುರಿಗೆ ಬಂದವರನ್ನು ತುಳಿಯುತ್ತಾನೆ, ಮತ್ತೆ ಓಡುತ್ತಾನೆ. ಕೆಲವು ದಿನ ಸುಮ್ಮನೆ ನೋಡಿ ಒಂದು ದಿನ ಸಲಾವುದ್ದೀನನನ್ನು ಕೇಳಿದಳು:

"ತಮ್ಮಾ, ಹಿಂದ ಬಿಟ್ಟು ಬಂದ ಊರು ಏನಾಯ್ತು?"

"ಯಾವ ಊರು?"

"ಇಂವ ಈಗ ದಾಟಿ ಬಂದ್ನಲ್ಲ, ಅದು."

"ಅದು ಹೋಯ್ತು ಅಕ್ಕಾ. ಇದರಾಗ ಮುಂದ ಹೋಗೋದು ಅಷ್ಟೇ. ಹಿಂದಿನ ಪರದಾ ತಿರುಗಿ ಬರಂಗಿಲ್ಲ."

"ಅಷ್ಟ ಮಂದೀನ ತುಳಕೋತ ಬಂದಾನ. ಯಾರರೆ ಉಳದಾರೋ ಇಲ್ಲೋ ನೋಡಬ್ಯಾಡಾ?"

"ಉಳದಿಲ್ಲ. ಅದಕ್ಕೇ ಪಾಯಿಂಟ್ ಬಂದಾವ."

ಸಾಬಮ್ಮ ಬುಟ್ಟಿ ಎತ್ತಿಕೊಂಡು, "ಸುಡು ಇಂಥಾ ಶೂರನ್ನ" ಎಂದು ಹೋಗಿಬಿಟ್ಟಳು. ಆಟದ ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಕ್ಯಾಸೆಟ್ಟುಗಳ ರಾಶಿಯಲ್ಲಿ ಒಂದು ಯಾರಿಗೂ ಬೇಡವಾದ ಕ್ಯಾಸೆಟ್ ಇತ್ತು. ಹತ್ತು ಕೊಂಡವನಿಗೆ ಮಾರುವವ ಸುಮ್ಮನೆ ಮೇಲೆ ಕೊಟ್ಟದ್ದು. ಅದರಲ್ಲಿ ಗುದ್ದಾಟ ಕಡಿಮೆ, ಮಾತು ಜಾಸ್ತಿ. ಆ ಮಾತೂ ಜಪಾನಿನದೋ ಚೀನಾದ್ದೋ, ಇರುವೆ ಸಾಲಿನಂಥ ಅಕ್ಷರ. ಮಕ್ಕಳು ಹಾಕಿದ ಕೂಡಲೇ ಕಿತ್ತು ಬಿಸಾಡುತ್ತಿದ್ದರು. ಮಕ್ಕಳೆಲ್ಲ ಶಾಲೆಯಲ್ಲಿದ್ದ ಒಂದು ಮಧ್ಯಾಹ್ನ ಸಲಾವುದ್ದೀನ್ ರಿಪೇರಿಯಾದ ಟಿವಿಯ ಬಣ್ಣ ನೋಡಲು ಅದನ್ನು ಹಾಕಿದ್ದ. ಹಳದಿ ರುಮಾಲು ಸುತ್ತಿದ ಒಬ್ಬ ಹುಡುಗ ಮನೆಯಿಂದ ಹೊರಬಂದ. ಅಂಗಳ ದಾಟಿದ. ಏನೋ ಮರೆತವನಂತೆ ತಿರುಗಿ ಮತ್ತೆ ಮನೆಯೊಳಗೆ ಹೋದ.

ಬಾಗಿಲಲ್ಲಿದ್ದ ಸಾಬಮ್ಮ, "ಇಂವ ಹಿಂದ ಹೋಗ್ತಾನೇನು?" ಅಂದಳು.

"ಇಂವ ಎಲ್ಲಿ ಬೇಕಾದ್ರೂ ಹೋಗ್ತಾನ."

ಸಾಬಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.

ಅವಳ ಆಟ ನೋಡುವ ಹಾಗಿತ್ತು. ಹಿಟ್ಟು ನಾದಿ ನಾದಿ ದಪ್ಪಗಾದ ಹೆಬ್ಬೆರಳು ಆಟದ ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ರುಮಾಲಿನ ಹುಡುಗ ಗೋಡೆಗೆ ಹಾಯುತ್ತಿದ್ದ, ಕೆರೆಗೆ ಕಾಲಿಡುತ್ತಿದ್ದ. ಆದರೂ ಅವಳು ಒಂದೂ ಮನೆ ಬಿಡದೆ, ಒಬ್ಬರನ್ನೂ ಬಿಡದೆ ಎಲ್ಲರನ್ನೂ ಮಾತನಾಡಿಸಿಕೊಂಡೇ ಮುಂದೆ ಹೋಗುವವಳು. ಅವರು ಅಂದದ್ದು ಇರುವೆ ಸಾಲಾಗಿ ಬರುತ್ತಿತ್ತು. ಅವಳಿಗೆ ಕನ್ನಡವೂ ಓದಲು ಬರುತ್ತಿರಲಿಲ್ಲವಾದ್ದರಿಂದ ಅದೊಂದು ದೊಡ್ಡ ತೊಂದರೆ ಎನಿಸಲಿಲ್ಲ. ನಿಂತ ನಿಲುವು, ಮನೆಯ ಮುಂದೆ ಏನಿದೆ, ಒಲೆ ಉರಿಯುತ್ತಿದೆಯೋ ಇಲ್ಲವೋ, ಇಷ್ಟರ ಮೇಲೆ ಅವರ ಕಥೆ ಕಟ್ಟಿಕೊಳ್ಳುತ್ತಿದ್ದಳು.

"ಆ ಗಡಗಿ ಒಡಿ ಅಕ್ಕಾ," ಎಂದು ಸಲಾವುದ್ದೀನ್ ಹೇಳಿಕೊಡುತ್ತಿದ್ದ. "ಒಳಗ ಏನರೆ ಸಿಗ್ತದ."

"ಮಂದಿ ಮನಿ ಗಡಗಿ?"

"ಯಾರೂ ಏನೂ ಅನ್ನಂಗಿಲ್ಲ."

"ಅನ್ನಂಗಿಲ್ಲ ಅಂತ ಒಡೀಬೇಕೇನು? ನಿನ್ನ ಹೆಂಡ್ತಿ ನನಗ ಏನೂ ಅನ್ನಂಗಿಲ್ಲ, ಆಕಿ ಗಡಗೀನೂ ಒಡೀಲಾ?"

ಒಳಗಿನಿಂದ ಮೆಹರುನ್ನಿಸಾ, "ಒಡೀ ಅಕ್ಕಾ, ಹೊಸಾದು ತರಸ್ಕೋತೀನಿ" ಅಂದಳು.

ಗಡಿಗೆ ಒಡೆಯದಿದ್ದರೂ ಮನೆಗಳ ಒಳಗೆ ಹೋಗುವುದೆಂದರೆ ಸಾಬಮ್ಮನಿಗೆ ಬಲು ಆಸೆ. ಕಮಲಾಪುರದಲ್ಲಿ ಕೂಲಿಗೆ ಹೋಗುತ್ತಿದ್ದ ಕಾಲದಿಂದಲೂ ಯಾರ ಮನೆಯಲ್ಲಿ ಅಂಗಳದವರೆಗೆ, ಯಾರ ಮನೆಯಲ್ಲಿ ಕಟ್ಟೆಯವರೆಗೆ ಎಂಬ ಲೆಕ್ಕ ಅವಳ ಕಾಲಿಗೇ ಗೊತ್ತಿತ್ತು. ಇಲ್ಲಿ ಯಾರೂ ಯಾರ ಪೈಕಿ ಎಂದು ಕೇಳುತ್ತಿರಲಿಲ್ಲ. ಆ ಹುಡುಗನನ್ನು ನೆಟ್ಟಗೆ ಅಡಿಗೆ ಮನೆಯವರೆಗೆ ಒಯ್ದು, ಒಲೆಯ ಹತ್ತಿರ ನಿಲ್ಲಿಸಿ, ಕೈಯಲ್ಲಿಯ ಗುಂಡಿ ಬಿಟ್ಟು ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದಳು.

ಹುಡುಗನಿಗೆ ರುಮಾಲ್ಯಾ ಎಂದು ಹೆಸರಾಯಿತು. ಅವನು ಹೋದ ಮೊದಲ ದೊಡ್ಡ ಊರು ಒಂದು ಹಳ್ಳದ ದಂಡೆಯಲ್ಲಿತ್ತು. ಅದೇ ಕೆಳಗಿನ ಊರು. ಅಲ್ಲಿ ಬಾಗಿಲ ಮುಂದೆ ಗಡಿಗೆ ಸಾಲು ಇಟ್ಟ ಕುಂಬಾರ, ಅವನ ಹೆಂಡತಿ, ಎರಡು ಮಕ್ಕಳು. ಬಾವಿಯ ಹತ್ತಿರ ಬೆನ್ನು ಬಾಗಿದ ಒಬ್ಬ ಮುದುಕಿ; ಆಕೆಗೆ ಗೂನಜ್ಜಿ ಎಂದಳು ಸಾಬಮ್ಮ. ರುಮಾಲ್ಯಾನ ಜೀವ ಕಡಿಮೆಯಾದಾಗಲೆಲ್ಲ ಕುಂಬಾರನ ಮನೆಯಲ್ಲಿ ಮಲಗಿ ಎದ್ದರೆ ಚೇತರಿಸಿಕೊಳ್ಳುತ್ತಿದ್ದ. "ಉಣ್ಣಾಕ ಹಾಕಿ ಹಾಸಿಗಿ ಕೊಡ್ತಾರ, ಯಾರ ಮಗ ಅಂತ ಕೇಳಂಗಿಲ್ಲ" ಎಂದು ಸಾಬಮ್ಮ ಓಣಿಯ ತುಂಬ ಹೇಳಿಕೊಂಡು ಬಂದಳು. ರೊಟ್ಟಿ ಒಯ್ಯಲು ಬಂದ ಹೆಂಗಸರು ಸುದ್ದಿ ಕೇಳಿಯೇ ಹೋಗುತ್ತಿದ್ದರು. ಕುಂಬಾರನ ಸಣ್ಣ ಮಗಳ ಮದುವೆ ಮಾತೂ ಒಂದೆರಡು ಸಲ ಎದ್ದಿತು.

ಹಳ್ಳ ಹಿಡಿದು ಮೇಲೆ ಹೋದರೆ ಗುಡ್ಡದಲ್ಲಿ ಒಂದು ಕೆರೆ. ಕೆರೆಗೆ ಎರಡು ಬಾಯಿ. ಒಂದರ ನೀರು ಕೆಳಗಿನ ಊರಿಗೆ ಹೋಗುತ್ತಿತ್ತು. ಇನ್ನೊಂದರ ಬಾಯಿಗೆ ದೊಡ್ಡ ಬಂಡೆ ಬಿದ್ದು, ಅದರ ಕೆಳಗಿದ್ದ ಮೇಲಿನ ಊರು ಒಣಗಿ ಕಂದಾಗಿತ್ತು. ಅಲ್ಲಿಯ ಜನ ರುಮಾಲ್ಯಾನ ಸುತ್ತ ನಿಂತು ಏನೇನೋ ಬೇಡಿಕೊಂಡರು. ಇರುವೆ ಸಾಲು ಓದದಿದ್ದರೂ ಬೇಡುವವರ ನಿಲುವು ಸಾಬಮ್ಮನಿಗೆ ತಿಳಿಯದ್ದೇನಲ್ಲ. ರುಮಾಲ್ಯಾನನ್ನು ಕರೆದೊಯ್ದು ಬಂಡೆ ನೂಕಿಸಿದಳು. ಬಂಡೆ ಉರುಳಿ ಕೆಳಗಿನ ಊರಿನ ಬಾಯಿಗೆ ಹೋಗಿ ಕೂತಿತು. ಮೇಲಿನ ಊರಿಗೆ ಬುಳುಬುಳು ನೀರು ಹರಿಯಿತು, ಕಂದು ಹೊಲ ಕಣ್ಣೆದುರೇ ಹಸಿರಾಯಿತು, ಜನ ಕುಣಿದರು. ಸಾಬಮ್ಮ ಅವತ್ತು ಚುರುಮುರಿ ಸುಸಲಾ ಮಾಡಿ ಓಣಿಗೆಲ್ಲ ಹಂಚಿದಳು.

ಬಂಡೆ ಆಚೆ ಬಾಯಿಗೆ ಕೂತದ್ದನ್ನು ಅವಳು ನೋಡಲಿಲ್ಲವೆಂದಲ್ಲ. ನೋಡಿದಳು. ಆದರೆ ಕಮಲಾಪುರದ ಕೆಂಪು ಬಾಳೆ ತೋಟಗಳಲ್ಲಿ ನೀರು ಹಾಯಿಸಿ ಬೆಳೆದವಳು ಆಕೆ. ಅಲ್ಲಿ ಒಂದೇ ಬಾವಿಯ ನೀರು ನಾಲ್ಕಾರು ತೋಟಕ್ಕೆ ಪಾಳಿಯ ಮೇಲೆ ಹರಿಯುತ್ತದೆ. ತನ್ನ ಪಾಳಿ ಬಂದವನು ಸಲಿಕೆ ತಗೊಂಡು ಬಂದು, ಹಿಂದಿನವನ ಕಾಲುವೆಗೆ ಮಣ್ಣು ಕೊಟ್ಟು, ತನ್ನ ಕಡೆ ಒಡೆದುಕೊಳ್ಳುತ್ತಾನೆ. ನೀರು ಉಂಡವನು ತಾನಾಗಿ ಮುಚ್ಚಿ ಮುಂದಿನವನ ಕಡೆಗೆ ತಿರುಗಿಸಿ ಕೊಡುವ ಹಾಗಿಲ್ಲ. ಹಾಗೆ ಮಾಡಿದರೆ 'ನಾ ಕೊಟ್ಟೆ, ನೀ ಇಸಕೊಂಡಿ' ಎಂದು ಅಂದ ಹಾಗೆ. ಅದರ ಮೇಲೆ ಜಗಳಗಳಾಗಿವೆ. ನೀರು ಯಾರೂ ಯಾರಿಗೂ ಕೊಡುವುದಲ್ಲ, ಪಾಳಿ ಬಂದವ ಬಂದು ತಗೊಳ್ಳುವುದು. ಮೇಲಿನವರ ಪಾಳಿ ಮುಗಿದ ಮೇಲೆ ಕೆಳಗಿನವರು ಬಂದು ಬಂಡೆ ಸರಿಸಿಕೊಳ್ಳುತ್ತಾರೆ ಎಂದು ಸಾಬಮ್ಮ ನಿಶ್ಚಿಂತಳಾಗಿ ರುಮಾಲ್ಯಾನನ್ನು ಗುಡ್ಡ ದಾಟಿಸಿ ಮುಂದೆ ಒಯ್ದಳು.

ಮುಂದಿನ ಸೀಮೆಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದವು. ಕ್ಯಾಸೆಟ್ಟಿನೊಳಗೆ ಗಡಿಯಾರದ ಸೆಲ್ಲಿನಂಥದೊಂದು ಸೆಲ್ಲು ಇತ್ತಂತೆ. ಇವತ್ತು ನಿಲ್ಲಿಸಿದಲ್ಲಿಂದಲೇ ನಾಳೆ ಮುಂದುವರಿಯುತ್ತಿತ್ತು. ಒಂದು ದಿನ ಸಾಬಮ್ಮನಿಗೆ ಕುಂಬಾರನ ಮನೆಯವರನ್ನು ನೋಡಿ ಬರಬೇಕೆನಿಸಿತು. ಅಲ್ಲಿ ಹೋಗುವ ಕೆಲಸವೇನೂ ಇರಲಿಲ್ಲ. ಆಡುವವರು ಯಾರೂ ಹಾಗೆ ಹಿಂದೆ ಹೋಗುವುದಿಲ್ಲ. ಉಂಡ ಮನೆಗೆ ವರ್ಷಕ್ಕೊಮ್ಮೆಯಾದರೂ ಹೋಗಬೇಕಲ್ಲ ಎಂದು ಅವಳು ಹೊರಟಳು.

ಹಳ್ಳ ಬತ್ತಿತ್ತು. ಊರು ಕಂದಾಗಿತ್ತು. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಕುಂಬಾರನ ಬಾಗಿಲಿಗೆ ರುಮಾಲ್ಯಾನನ್ನು ಎಷ್ಟು ಸಲ ಹಾಯಿಸಿದರೂ ತೆರೆಯಲಿಲ್ಲ.

ಆ ಮಧ್ಯಾಹ್ನವೇ ಅವಳು ಗಿರಣಿಯ ಬಾಗಿಲಲ್ಲಿ ಕುಸಿದು ಕೂತದ್ದು, ಕಾಶಿರಾಯನಿಗೆ ಊಟ ಸೇರದೆ ಹೋದದ್ದು.

"ಕೆಳಗಿನವರು ಬಂದು ನೀರ ಯಾಕ ತಿರುವಿಕೊಳ್ಳಲಿಲ್ಲ?" ಎಂದು ಸಲಾವುದ್ದೀನನನ್ನು ಕೇಳಿದಳು.

ಸಲಾವುದ್ದೀನ್ ಕೈಯಲ್ಲಿಯ ಬೆಸುಗೆಯ ಕಾದ ಕಡ್ಡಿ ಬದಿಗಿಟ್ಟ. "ಅಕ್ಕಾ, ಆ ಲೋಕದಾಗ ಕೈ ಇರೋದು ಒಬ್ಬಂಗೇ. ಉಳದವರು ನಿಂದರ್ತಾರ, ಮಾತಾಡ್ತಾರ. ಕಲ್ಲ ಸರಸಂಗಿಲ್ಲ, ಕದ ತಗೀಯಂಗಿಲ್ಲ. ಇಂವ ಮಾಡಿದ್ರ ಆಯ್ತು, ಇಲ್ಲಂದ್ರ ಇಲ್ಲ."

"ಪಾಳಿ ಬಂದ್ರೂ?"

"ಅವರಿಗಿ ಪಾಳೀನೇ ಇಲ್ಲ."

"ಎಂಥಾ ಲೋಕನೋ ತಮ್ಮಾ ಇದು. ಅಷ್ಟೂ ಮಂದಿ ಬದುಕು ಒಂದು ಹುಡುಗನ ಕೈಯಾಗ ಕೊಟ್ಟು ಕೂತಾರ. ಆ ಹುಡುಗನ್ನ ನನ್ನ ಕೈಯಾಗ ಕೊಟ್ಟಾರ."

ಬಂಡೆಯನ್ನು ತಿರುಗಿ ನೂಕಲು ನೋಡಿದಳು. ಅದು ಅಲುಗಲಿಲ್ಲ. ಸಲಾವುದ್ದೀನ್ ಮರುಗಿ, "ಎಲ್ಲಾ ಅಳಿಸಿ ಹೊಸದಾಗಿ ಸುರು ಮಾಡು ಅಕ್ಕಾ. ಈ ಸಾರಿ ಕಲ್ಲಿನ ತಂಟೀಗೇ ಹೋಗಬ್ಯಾಡ" ಅಂದ.

"ಆವಾಗ ಬ್ಯಾರೆ ಕುಂಬಾರ ಬರ್ತಾನ. ನಾ ನೀರ ಕಳದದ್ದು ಇವಂದು."

ಅಲ್ಲಿಂದ ಮುಂದೆ ಸಾಬಮ್ಮನಿಗೆ ಒಂದೇ ಹಂಬಲ: ಕೆಳಗಿನ ಊರಿಗೆ ನೀರು ಬರಬೇಕು, ಹೋದವರು ಮನೆಗೆ ಬರಬೇಕು. ಮೊದಲು ಅವರನ್ನು ಹುಡುಕಿದಳು. ಕುಂಬಾರ ಸಮುದ್ರದ ದಂಡೆಯ ಮೀನುಗಾರರ ಗುಡಿಸಲುಗಳ ಹಿಂದೆ ಸಿಕ್ಕ, ಹೆಂಡತಿ ಮಕ್ಕಳ ಸಮೇತ. ಬಾಗಿಲ ಮುಂದೆ ಒಂದೂ ಗಡಿಗೆ ಇರಲಿಲ್ಲ. ಗೂನಜ್ಜಿ ದೂರದ ಒಂದು ಬಿಳಿ ಕೋಟೆಯ ದಾರಿಯ ಸೇತುವೆ ಕೆಳಗೆ ಒಬ್ಬಳೇ ಇದ್ದಳು. ರುಮಾಲ್ಯಾ ಮಾತನಾಡಿಸಿದಾಗ ಇರುವೆ ಸಾಲು ಬಂತು.

"ಏನಂದಳು?" ಎಂದು ಮೆಹರುನ್ನಿಸಾ ಕೇಳಿದಳು.

"ಬೈದಿರಬೇಕು."

"ಮುದುಕಿ ನೋಡಿದ್ರ ಬೈಯವಳಂಗ ಕಾಣಂಗಿಲ್ಲ."

"ಬೈಬೇಕು. ನಾನಾಗಿದ್ರ ಬೈತಿದ್ದೆ."

ಇಷ್ಟರಲ್ಲಿ ಸಲಾವುದ್ದೀನ್ ಮತ್ತೆ ಹೈದರಾಬಾದಿಗೆ ಹೋದಾಗ ಕ್ಯಾಸೆಟ್ಟು ಮಾರುವವನನ್ನು ವಿಚಾರಿಸಿಕೊಂಡು ಬಂದ. ಬಿಳಿ ಕೋಟೆಯಲ್ಲಿ ಒಬ್ಬ ರಕ್ಕಸ ಇದ್ದಾನಂತೆ. ಲೋಕದ ದೊಡ್ಡ ಹೊಳೆಯ ಮೇಲೆ ಕೂತಿದ್ದಾನಂತೆ. ಅವನನ್ನು ಕೊಂದರೆ ಎಲ್ಲ ಹಳ್ಳಗಳಿಗೂ ನೀರು. ಸಾಬಮ್ಮನ ಮುಖ ಅರಳಿತು. ಸಲಾವುದ್ದೀನ್ ಗಂಟಲು ಸರಿಮಾಡಿಕೊಂಡ.

"ಆದ್ರ ಅಕ್ಕಾ, ಅಂವ ಸತ್ತ ಅಂದ್ರ ಆಟ ಖತಂ. ಅಕ್ಷರ ಮ್ಯಾಲೆ ಹೋಗ್ತಾವ, ಪರದಾ ಕಪ್ಪಾಗ್ತದ. ಮತ್ತ ಒಳಗ ಹೋಗಾಕ ಬರಂಗಿಲ್ಲ."

"ಹಂಗಾದ್ರ ನೀರ ಬಂತೋ ಇಲ್ಲೋ ನೋಡವ್ರು ಯಾರು?"

"ಯಾರೂ ಇಲ್ಲ."

"ಅವರು ಮನಿಗಿ ಬಂದ್ರೋ ಇಲ್ಲೋ?"

"ಆಟಾನೇ ಮುಗೀತದಲ್ಲ ಅಕ್ಕಾ."

ಇದು ಸಾಬಮ್ಮನನ್ನು ಕಟ್ಟಿಹಾಕಿತು. ರಕ್ಕಸನನ್ನು ಕೊಲ್ಲದಿದ್ದರೆ ನೀರಿಲ್ಲ. ಕೊಂದರೆ ತಾನು ಹೋಗಿ ನೋಡಿ ಬರುವ ಹಾದಿಯಿಲ್ಲ. ತೊಂಬತ್ತೆಂಟು ಹೋಯಿತು, ತೊಂಬತ್ತೊಂಬತ್ತು ಹೋಯಿತು. ಶಾಲೆಯ ಮಕ್ಕಳು ಕಂಪ್ಯೂಟರ್ ಅಂಗಡಿಗಳ ಕಡೆ ಸರಿದರು. ಸಲಾವುದ್ದೀನನ ಪೆಟ್ಟಿಗೆಗೆ ಗಿರಾಕಿ ಎಂದರೆ ಸಾಬಮ್ಮ ಒಬ್ಬಳೇ ಉಳಿದಳು. ಅವಳು ದಿನಾ ರುಮಾಲ್ಯಾನನ್ನು ಸೇತುವೆಗೆ ಒಯ್ದು ಗೂನಜ್ಜಿಯ ಪಕ್ಕ ನಿಲ್ಲಿಸುವಳು. ಎರಡು ಇರುವೆ ಸಾಲು ಬೈಸಿಕೊಂಡು ಎದ್ದು ಹೋಗಿ ಸಂಜೆಯ ರೊಟ್ಟಿಗೆ ಕೂಡುವಳು.

ಆ ಹೊತ್ತಿಗೆ ಕಮಲಾಪುರದಿಂದ ಬರುವವಳು ರೇವಮ್ಮ, ಸಾಬಮ್ಮನ ತಂಗಿಯ ಮಗಳು. ಗಟ್ಟಿಗಿತ್ತಿ. ಅಲ್ಲಿಯ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ಹಾಕಬೇಕು, ರೊಟ್ಟಿಗೆ ದೊಡ್ಡವ್ವನೇ ಬೇಕು ಎಂದು ಅವಳ ಹಟ. ಸಂತೆಯ ದಿನ ಅಲ್ಲಿ ಎಷ್ಟು ಜನ ಇಳಿಯುತ್ತಾರೆ, ಒಳ್ಳೆ ರೊಟ್ಟಿ ಎಲ್ಲೂ ಇಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ನೋಯುವುದು.

"ಬರ್ತೀನಿ. ಕೆಳಗಿನ ಊರಿಗಿ ನೀರ ಬಂದುಬಿಡ್ಲಿ," ಎನ್ನುವಳು ಸಾಬಮ್ಮ.

"ಯಾವ ಕೆಳಗಿನ ಊರು ದೊಡ್ಡವ್ವ? ನಮ್ಮ ಕಡೀಗಿ ಹಂಗ ಯಾವುದೂ ಊರಿಲ್ಲ. ಡ್ರೈವರಗೂ ಕೇಳಿ ನೋಡೀನಿ."

ಮುಂದಿನ ಕೋಣೆಗೆ ಕರೆದೊಯ್ದು ತೋರಿಸಿದಾಗ ರೇವಮ್ಮ ಟಿವಿಯನ್ನೂ ದೊಡ್ಡವ್ವನನ್ನೂ ನೋಡಿದಳು. "ಇದಕ್ಕಾ ನಾ ಎರಡ ವರ್ಷದಿಂದ ಎಡತಾಕಾಕತ್ತೀನಿ?"

"ನೀ ಅಡ್ಡಾಡಾಕತ್ತೀ, ಅವರು ಸೇತುವೆ ಕೆಳಗ ಕೂತಾರ," ಅಂದಳು ಸಾಬಮ್ಮ. ರೇವಮ್ಮನಿಗೆ ನಗು ಬಂತು. ಆದರೆ ದೊಡ್ಡವ್ವ ನಗುತ್ತಿರಲಿಲ್ಲ. ಅವಳೂ ಪಕ್ಕದಲ್ಲಿ ಕೂತಳು.

ಗಂಟು ಬಿಚ್ಚಿದ್ದು ಕಾಶಿರಾಯ. ರೊಟ್ಟಿ ಒಯ್ಯಲು ಬಂದವನು, ಹಳೆಯ ದುಃಖದ ಬಾಕಿ ಬರಬೇಕಾದವನು, ಒಂದು ಕಾಲು ಹೊಸ್ತಿಲ ಮೇಲಿಟ್ಟು, "ಇಷ್ಟ ವಿಚಾರ ಯಾಕ ಸಾಬವ್ವ? ಬಾಯಾರಿದವರಿಗಿ ನೀರ ಬೇಕು. ನೀ ನೋಡಾಕ ಇರಬೇಕಂತ ಅವರೇನರೆ ಹೇಳ್ಯಾರೇನು?" ಅಂದ.

ಸಾಬಮ್ಮ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ಆ ರೊಟ್ಟಿಯ ಅಂಚು ಸೊಟ್ಟಾಯಿತು. ಮೆಹರುನ್ನಿಸಾ ಅದನ್ನು ಎಲ್ಲರಿಗೂ ತೋರಿಸಿದಳು.

ಮರುದಿನ ಸಾಬಮ್ಮ ಸಲಾವುದ್ದೀನನ ಎದುರು ಬಂದು ಕೂತು, "ಕಡಿಯೋ ಕೆಲಸ ನನ್ನ ಕೈಲೆ ಆಗಂಗಿಲ್ಲ. ಅದು ನೀ ಮಾಡು. ನಾ ಊರ ನೋಡ್ಕೊಂತೀನಿ" ಎಂದಳು.

ಶುಕ್ರವಾರ ನಮಾಜು ಮುಗಿಸಿ ಬಂದ ಸಲಾವುದ್ದೀನ್ ಅಂಗಿಯ ತೋಳು ಮಡಚಿ ಕೂತ. ಓಣಿಯ ಅರ್ಧ ಜನ ಅಂಗಡಿಯಲ್ಲಿ ತುಂಬಿತು. ರಕ್ಕಸ ಸುಲಭದವನಾಗಿರಲಿಲ್ಲ. ರುಮಾಲ್ಯಾ ಸತ್ತ, ಎದ್ದ, ಮತ್ತೆ ಸತ್ತ. ನಡುವೆ ಕರೆಂಟು ಒಮ್ಮೆ ಹೋಗಿ ಬಂತು. ಮೆಹರುನ್ನಿಸಾ ಗಂಡನ ಬಾಯಿಗೆ ಚಹಾ ಹಿಡಿದಳು. "ಮದುವ್ಯಾದಾಗ ನನ್ನ ಮುಖ ಸೈತ ಇಷ್ಟು ದಿಟ್ಟಿಸಿ ನೋಡಿಲ್ಲ ಈ ಮನುಷ್ಯ" ಅಂದಳು. ಸಂಜೆಯ ಮಗ್ರಿಬ್ ಬಾಂಗ್ ಕೂಗುವ ಮುಂಚೆ ರಕ್ಕಸ ಒಡೆದು ಚೂರುಚೂರಾದ.

ಇರುವೆ ಸಾಲು ಮೇಲಕ್ಕೆ ಹೋಗತೊಡಗಿತು. ಅದರ ಹಿಂದೆ ಒಂದೊಂದೇ ಊರು ಕಾಣಿಸಿಕೊಂಡವು. ಹೈದರಾಬಾದಿನವನು ಇದನ್ನು ಹೇಳಿರಲಿಲ್ಲ. ಮೇಲಿನ ಊರು ಬಂತು, ಜನ ಕುಣಿಯುತ್ತಿದ್ದರು. ಸಮುದ್ರದ ದಂಡೆ ಬಂತು. ಕುಂಬಾರನ ಗುಡಿಸಲಿನ ಮುಂದೆ ಯಾರೂ ಇರಲಿಲ್ಲ. ಸೇತುವೆ ಬಂತು. ಆಮೇಲೆ ಕೆಳಗಿನ ಊರು. ಹಳ್ಳದಲ್ಲಿ ನೀರು ಹರಿಯುತ್ತಿತ್ತು. ಮನೆಗಳ ಬಾಗಿಲು ಮುಚ್ಚಿದ್ದವು. ಅಷ್ಟರಲ್ಲಿ ಪರದೆಯ ಅಂಚಿನಿಂದ, ಊರಿನ ಹಾದಿಯ ಮೇಲೆ, ಒಂದು ಸಣ್ಣ ಆಕೃತಿ ಒಳಗೆ ನಡೆದು ಬಂತು. ಎರಡು ಮೂರು ಹೆಜ್ಜೆ. ಪರದೆ ಕಪ್ಪಾಯಿತು.

ಓಣಿಯಲ್ಲಿ ಒಂದು ವಾರ ಅದೇ ವಾದ. ಅದು ಕುಂಬಾರ, ನಡಿಗೆ ಗಂಡಸಿನದು ಎಂದು ಕಾಶಿರಾಯ. ಗಂಡಸರು ಹಂಗ ಬುಡಬುಡ ಮನಿಗಿ ಬಂದದ್ದು ಎಲ್ಲಿ ನೋಡೀ, ಅದು ಕುಂಬಾರನ ಹೆಂಡತಿ ಎಂದು ಮೆಹರುನ್ನಿಸಾ. ಸಾಬಮ್ಮನನ್ನು ಕೇಳಿದರೆ, "ಯಾರರೆ ಆಗಲಿ, ಒಬ್ಬರು ಹಾದಿ ಹಿಡದಾರ" ಎನ್ನುವಳು. ಅವಳಿಗೆ ಇನ್ನೊಮ್ಮೆ ನೋಡಬೇಕಿತ್ತು. ಪೆಟ್ಟಿಗೆ ಹಾಕಿದರೆ ಕ್ಯಾಸೆಟ್ಟು ಮತ್ತೆ ಕಾಳಗದ ಮುಂಚಿನ ದಿನಕ್ಕೇ ಹೋಗಿ ನಿಂತಿತ್ತು: ರಕ್ಕಸ ಕೂತಿದ್ದ, ಹಳ್ಳ ಬತ್ತಿತ್ತು, ಗೂನಜ್ಜಿ ಸೇತುವೆ ಕೆಳಗಿದ್ದಳು. ಆ ಎರಡು ಮೂರು ಹೆಜ್ಜೆ ನೋಡಲು ರಕ್ಕಸನನ್ನು ಇನ್ನೊಮ್ಮೆ ಕೊಲ್ಲಬೇಕು.

ಸಲಾವುದ್ದೀನ್ ಕೊಂದ. ಈದ್ ಹಬ್ಬದ ಮರುದಿನ ಇನ್ನೊಮ್ಮೆ ಕೊಂದ. ಕೇಳಲು ಸಾಬಮ್ಮನಿಗೆ ಸಂಕೋಚ, ಕೇಳದೆ ಇರಲು ಆಗದು. ಊಟದ ಹೊತ್ತಿಗೆ ಎರಡು ರೊಟ್ಟಿ ಹೆಚ್ಚು ತಂದಿಟ್ಟರೆ ಅವನು ತಿಳಿದುಕೊಂಡು ತೋಳು ಮಡಚುತ್ತಿದ್ದ. ಪ್ರತಿ ಸಲವೂ ಆ ಆಕೃತಿ ಬಾಗಿಲು ಮುಟ್ಟುವ ಮೊದಲೇ ಕಪ್ಪಾಗುತ್ತಿತ್ತು. ಸಾಬಮ್ಮ ಪರದೆಗೆ ಮೂಗು ಹತ್ತುವಷ್ಟು ಸಮೀಪ ಕೂತು ನೋಡಿ ಎದ್ದು ಹೋಗುವಳು.

ಎರಡು ಸಾವಿರದ ಎರಡರ ಚಳಿಗಾಲಕ್ಕೆ ರೇವಮ್ಮನ ಖಾನಾವಳಿಗೆ ತಗಡು ಬಿತ್ತು, ಒಲೆ ಹೂಡಿಯಾಯಿತು. ಸಾಬಮ್ಮ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು. ನೀರಂತೂ ಬಂದಿತ್ತಲ್ಲ. ಹೊರಡುವ ಹಿಂದಿನ ದಿನವೆಲ್ಲ ಓಣಿಯ ಹೆಂಗಸರು ಬಂದು ಹೋದರು. ಪಾತ್ರೆ ಪಡಗ ಹಂಚಿಯಾಯಿತು. ಮೆಹರುನ್ನಿಸಾ ಒಂದು ಹಂಚು ಇಟ್ಟುಕೊಂಡಳು. ಅವಳಿಗೆ ರೊಟ್ಟಿ ಬಡಿಯಲು ಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಮುಂಜಾನೆ ರೇವಮ್ಮ ಬಂದಾಗ ಮುಂದಿನ ಕೋಣೆಯಲ್ಲಿ ಆಗಲೇ ಟಿವಿ ಹತ್ತಿತ್ತು. ಸಲಾವುದ್ದೀನ್ ಬೆಳಗಿನ ನಮಾಜು ಮುಗಿಸಿದವನೇ ಕಾಳಗಕ್ಕೆ ಕೂತಿದ್ದ. ಅಕ್ಕ ಹೋಗುವ ಮುಂಚೆ ಒಂದು ಸಲ ತೋರಿಸಿ ಕಳಿಸಬೇಕೆಂಬುದು ಅವನ ಮನಸ್ಸಿನಲ್ಲಿತ್ತು. ಆದರೆ ರಕ್ಕಸನಿಗೆ ಕಮಲಾಪುರದ ಬಸ್ಸಿನ ಹೊತ್ತು ತಿಳಿಯುವುದೇ? ಅವನು ಸಾಯಲೊಲ್ಲ. ಸಲಾವುದ್ದೀನನ ಕುತ್ತಿಗೆಯಲ್ಲಿ ಚಳಿಗಾಲದಲ್ಲೂ ಬೆವರು ಇಳಿಯುತ್ತಿತ್ತು.

ಸಾಬಮ್ಮ ಗಂಟು ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಬಂದಳು.

"ಜರಾ ನಿಂದ್ರು ಅಕ್ಕಾ," ಅಂದಳು ಮೆಹರುನ್ನಿಸಾ, ಸೆರಗು ಬಾಯಿಗೆ ಹಿಡಿದುಕೊಂಡೇ. "ಸಾಯಾಕ ಬಂದಾನ. ನಾ ಇವರನ್ನ ಎಬ್ಬಸ್ತೀನಿ, ಖುದಾ ಹಾಫಿಜ್ ಆದರೂ ಹೇಳ್ಲಿ."

"ಕರೀಬ್ಯಾಡ. ಈಗ ಎದ್ದ ಅಂದ್ರ ಇಷ್ಟು ಕಡದದ್ದು ನೀರಪಾಲು."

ಸಲಾವುದ್ದೀನ್ ಪರದೆಯಿಂದ ಕಣ್ಣು ತೆಗೆಯದೆ, "ಅಕ್ಕಾ, ಇನ್ನಾ ಎರಡ ಹೊಡತ" ಅಂದ.

"ಹೊಡಿ ತಮ್ಮಾ, ಅವಸರ ಮಾಡಬ್ಯಾಡ."

"ನೋಡೇ ಹೋಗೋಣ ದೊಡ್ಡವ್ವ," ಎಂದಳು ರೇವಮ್ಮ. ಈ ಊರಿಗಾಗಿ ಅಷ್ಟು ವರ್ಷ ಕಾದವಳು ಅವಳೂ ಹೌದು. "ಬಸ್ಸು ಮತ್ತೊಂದು ಬರ್ತದ."

ಸಾಬಮ್ಮ ಹೊಸ್ತಿಲಲ್ಲಿ ನಿಂತು ಸಲಾವುದ್ದೀನನ ಬೆನ್ನು ನೋಡಿದಳು, ಅವನಾಚೆ ಮಿಣುಗುವ ಬೆಳಕು ನೋಡಿದಳು. ಮೆಹರುನ್ನಿಸಾಳ ಗದ್ದ ಹಿಡಿದು ಒಂದು ಸಲ ಅಲುಗಿಸಿದಳು.

"ನಾ ನೋಡಿದಾಗೆಲ್ಲ ಆ ಗೂನಜ್ಜಿ ಬಾಗಿಲಕ್ಕ ಮುಟ್ಟಂಗಿಲ್ಲ," ಅಂದಳು. "ನೋಡದೆ ಬಿಟ್ಟು ನೋಡ್ತೀನಿ. ಮುದುಕಿ, ಬೆನ್ನು ಬಾಗಿದಾಕಿ, ಯಾರರೆ ಎದುರಿಗಿ ಕಣ್ಣು ಬಿಟ್ಟು ಕೂತ್ರ ಹ್ಯಾಂಗ ನಡೀತಾಳ?"

ಗಂಟು ತಲೆಯ ಮೇಲೆ ಏರಿಸಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದಳು. ರೇವಮ್ಮ ಹಿಂದಿನಿಂದ ಉಳಿದ ಚೀಲ ಹಿಡಿದುಕೊಂಡು ಬಂದಳು. ಓಣಿಯ ತುದಿಯಲ್ಲಿ ಗಿರಣಿ ಆಗಲೇ ಸುರುವಾಗಿತ್ತು. ಅದರ ಗದ್ದಲದಲ್ಲಿ, ಹಿಂದೆ ಅಂಗಡಿಯಲ್ಲಿ ಗುಂಡಿ ಒತ್ತುವ ಸದ್ದು ನಿಂತಿತೋ ಇನ್ನೂ ನಡೆದಿತ್ತೋ, ಹೋಗುತ್ತಿದ್ದ ಸಾಬಮ್ಮನಿಗೆ ಕೇಳಿಸುವ ಹಾಗಿರಲಿಲ್ಲ.